ಐದು ಗಂಟೆಯ ಮಕ್ಕಳು

ಜಪಾನಿನ ಆ ಪುಟ್ಟ ಬೆಟ್ಟದೂರಿನಲ್ಲಿ ಸಂಜೆ ಐದಕ್ಕೆ ಧ್ವನಿವರ್ಧಕದಿಂದ ಒಂದು ರಾಗ ಹೊರಡುತ್ತದೆ, ಮಕ್ಕಳು ಆಟ ನಿಲ್ಲಿಸಿ ಮನೆಗೆ ಹೋಗಲಿ ಎಂದು. ನೈರೋಬಿಗೆ ಮರಳಿ ನಮ್ಮ ಸಂಸ್ಥೆಯ ಪತ್ರಿಕೆಗಾಗಿ ಆ ಊರಿನ ಪರಿಚಯ ಬರೆದಾಗ, ರಾಗ ಕೇಳಿ ಓಡುವ ಮಕ್ಕಳನ್ನೂ ಸೇರಿಸಿದೆ. ಜಪಾನಿಗೆ ನನ್ನ ಜೊತೆ ಬಂದಿದ್ದ ಮೈಸೂರಿನ ಸಹೋದ್ಯೋಗಿ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಅದನ್ನು ಓದಿ ನಕ್ಕಳು.

“ಯಾವ ಮಕ್ಕಳೇ ತಾಯಿ? ಸ್ಕೂಲೇ ಕ್ಲೋಸ್ ಆಗಿತ್ತಲ್ಲ! ಇದ್ದೋರೆಲ್ಲ ಮುದುಕ್ರು.”

ಆ ಮಕ್ಕಳನ್ನು ಕಂಡಿದ್ದೆ ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೆ ನಮಗೆ ಊಟ ಹಾಕಿದ ಅಜ್ಜಿ ಬೇಡಿಕೊಂಡದ್ದು ಆಗ ನೆನಪಾಯಿತು: ಇಲ್ಲಿ ಮಕ್ಕಳೇ ಇಲ್ಲವೆಂದು ಬರೆಯಿರಿ, ಅದನ್ನು ಓದಿ ಮಕ್ಕಳಿರುವ ಯಾವುದಾದರೂ ಸಂಸಾರ ಇಲ್ಲಿ ನೆಲೆಸಲು ಬಂದೀತು. ಮಕ್ಕಳ ವಾಕ್ಯವನ್ನು ತೆಗೆದುಹಾಕಿದೆ.

ಮೇಲಧಿಕಾರಿ ಅದನ್ನು ಮತ್ತೆ ಸೇರಿಸಿದರು. ಊರು ಸತ್ತಂತೆ ಕಾಣಬಾರದಂತೆ. ಅಚ್ಚಾದ ಪ್ರತಿಯನ್ನು ಅಜ್ಜಿಗೂ ಕಳಿಸಿದ್ದಾರೆ.