ಮಗಳ ಬಾಯಿಯ ‘ನೀವು’

ನನ್ನ ಮಗಳು ನನ್ನ ಹತ್ತಿರ, ಒಂದೇ ಒಂದು ಸಲ ಬಿಟ್ಟರೆ, ಹಠ ಮಾಡಿದವಳಲ್ಲ. ದುಬೈಯ ಸತ್ವಾ ಬಡಾವಣೆಯ ನಮ್ಮ ರೂಮಿನಲ್ಲಿ ಈ ಮಾತು ಹೇಳಿದರೆ ಜೊತೆಯವರು, ಪುಣ್ಯ ಮಾಡಿದ್ದೀಯ ಮಾರಾಯ, ಅನ್ನುತ್ತಾರೆ. ಅವರಿಗೂ ಮಕ್ಕಳಿದ್ದಾರೆ, ಊರಿನಲ್ಲಿ. ಆದರೂ ಅವರಿಗೆ ಇದು ಹೊಳೆಯುವುದಿಲ್ಲ. ಮಕ್ಕಳು ಹಠ ಮಾಡುವುದು ತಮ್ಮವರ ಹತ್ತಿರ. ಪಕ್ಕದ ಮನೆಯವರ ಮುಂದೆ ಯಾವ ಮಗುವೂ ನೆಲದ ಮೇಲೆ ಬಿದ್ದು ಹೊರಳಾಡುವುದಿಲ್ಲ.

ನಾನು ಕುಂದಾಪುರದ ಕಡೆಯವನು. ದುಬೈಯಲ್ಲಿ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಕೆಲಸ. ವರ್ಷಕ್ಕೊಮ್ಮೆ ಒಂದು ತಿಂಗಳು ಊರಿಗೆ ಹೋಗಿಬರುತ್ತಿದ್ದೆ. ನಡುವೆ ಒಂದು ವರ್ಷ ರಜೆ ಸಿಗದೆ ಅದೂ ತಪ್ಪಿತು. ಆಮೇಲೆ ಒಂದು ಡಿಸೆಂಬರಿನಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ವಿಸಿಟ್ ವೀಸಾದಲ್ಲಿ ಇಲ್ಲಿಗೇ ಕರೆಸಿಕೊಂಡೆ. ಮಗಳು ಆಗ ನಾಲ್ಕನೆಯ ಕ್ಲಾಸು, ಮಗ ಇನ್ನೂ ಯುಕೆಜಿ. ನನ್ನ ರಜೆಯನ್ನೆಲ್ಲ ಅವರ ಜೊತೆ ಕಳೆಯುವುದು ಎಂದು ಲೆಕ್ಕ.

ಸತ್ವಾದ ನಮ್ಮ ವಿಲ್ಲಾದಲ್ಲಿ ಒಂದು ಕೋಣೆಗೆ ಪ್ಲೈವುಡ್ ಹೊಡೆದು ಮೂರು ಕೋಣೆ ಮಾಡಿದ್ದಾರೆ. ಅಲ್ಲಿ ಒಬ್ಬ ಕೆಮ್ಮಿದರೆ ಇನ್ನೊಬ್ಬ ನೀರು ಬೇಕಾ ಎಂದು ಕೇಳುತ್ತಾನೆ. ಸಂಸಾರ ಇಳಿಸುವ ಜಾಗವಲ್ಲ ಅದು. ನನಗೆ ಭಟ್ಕಳದ ಒಬ್ಬ ಗೆಳೆಯನಿದ್ದಾನೆ, ಅಬುಧಾಬಿಯಲ್ಲಿ ಬಟ್ಟೆ ವ್ಯಾಪಾರ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮನೆ. ಅವನ ಮಕ್ಕಳ ಶಾಲೆಗೆ ರಜೆ ಬಿಟ್ಟದ್ದೇ ಅವರೆಲ್ಲ ಭಟ್ಕಳಕ್ಕೆ ಹೊರಡುವವರು. ಬಾಲ್ಕನಿಯ ಗಿಡಗಳಿಗೆ ನೀರು ಹಾಕುವವರಿಲ್ಲ, ನೀನೇ ಬಂದು ಇರಬೇಕು ಎಂದು ಬೀಗದ ಕೈ ಕೊಟ್ಟ. ಹೋಗಿ ನೋಡಿದರೆ ಬಾಲ್ಕನಿಯಲ್ಲಿ ಇದ್ದದ್ದು ಒಂದು ಪುದೀನ ಕುಂಡ.

ಏರ್‌ಪೋರ್ಟಿನಲ್ಲಿ ಮಗ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಅಮ್ಮನ ಹತ್ತಿರ, “ಅಪ್ಪಯ್ಯ ಇಷ್ಟ್ ಉದ್ದವಾ?” ಎಂದು ಕೇಳಿದ. ಪಾಪ, ಎರಡು ವರ್ಷದಿಂದ ಅವನು ಕಂಡದ್ದು ಮೊಬೈಲಿನಲ್ಲಿ ಕುತ್ತಿಗೆಯವರೆಗಿನ ಅಪ್ಪಯ್ಯನನ್ನು. ಎಲ್ಲರೂ ನಕ್ಕೆವು. ಮಗಳು ನಗಲಿಲ್ಲ. ಮುಂದೆ ಬಂದು, “ನೀವ್ ಹ್ಯಾಂಗಿದ್ರಿ ಅಪ್ಪಯ್ಯ?” ಎಂದಳು.

ಈ ‘ನೀವು’ ಫೋನಿನಲ್ಲೂ ಇತ್ತು. ಯಾವಾಗ ಶುರುವಾಯಿತೋ ಗೊತ್ತಿಲ್ಲ. ಫೋನಿನಲ್ಲಿ ಮಾತಾಡುವಾಗ ಎಲ್ಲರೂ ಸ್ವಲ್ಪ ಗಂಭೀರವಾಗುತ್ತಾರಲ್ಲ, ಹಾಗೆ ಇರಬಹುದು ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಅಪ್ಪನಿಗೆ ನೀವು ಅನ್ನುವ ಪದ್ಧತಿಯೇ ಇಲ್ಲ. ನಾನು ನನ್ನ ಅಪ್ಪಯ್ಯನಿಗೆ ಕೊನೆಯವರೆಗೂ ನೀನು ಅಂದವನೇ. ನೀವು ಅಂತ ಇದ್ದದ್ದು ಶಾಲೆಯ ಮೇಷ್ಟ್ರಿಗೆ, ಡಾಕ್ಟರಿಗೆ, ಹೆಣ್ಣು ನೋಡಲು ಬಂದವರಿಗೆ. ಎದುರಿಗೆ ನಿಂತು ಮಗಳು ಆ ಮಾತು ಅಂದಾಗ ನಾನೂ ಹೆಣ್ಣು ನೋಡಲು ಬಂದವರ ಹಾಗೆ, ಹೌದು, ಚಂದ ಇದ್ದೇನೆ, ಎಂದೆ.

ಆ ಮನೆಯಲ್ಲಿ ನಾವೆಲ್ಲರೂ ನೆಂಟರೇ. ಗೋಡೆಯ ಮೇಲೆ ಬೇರೆಯವರ ಫೋಟೋ, ಬಾತ್‌ರೂಮಿನಲ್ಲಿ ಬೇರೆ ಮಕ್ಕಳ ಪ್ಲಾಸ್ಟಿಕ್ ಬಾತುಕೋಳಿ. ಅಂಥ ಮನೆಯಲ್ಲೂ ಮಗಳು ನನ್ನನ್ನು ನೆಂಟನನ್ನಾಗಿ ಮಾಡಿದಳು. ನಾನು ಕುಳಿತ ಕೂಡಲೇ ನೀರು ತಂದುಕೊಡುವಳು. ನಾನು ಬಂದರೆ ಸೋಫಾದಿಂದ ಎದ್ದು ಜಾಗ ಬಿಡುವಳು. ಊಟಕ್ಕೆ ಕೂತರೆ ಅಂಜಲ್ ಮೀನಿನ ದೊಡ್ಡ ತುಂಡು ನನ್ನ ಬಟ್ಟಲಿಗೆ, ತಲೆ ಅವಳಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು, ಮೊದಲ ಎರಡು ದಿನ ನಾನೂ ಹಿಗ್ಗಿದೆ, ಎಷ್ಟು ಚಂದ ಬೆಳೆಸಿದ್ದಾಳೆ ನನ್ನ ಹೆಂಡತಿ ಎಂದು.

ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಒಳಕೋಣೆಯಿಂದ ಬರುವ ಗಲಾಟೆ ಕೇಳತೊಡಗಿತು. ತಾಯಿ ಮಗಳ ತಲೆ ಬಾಚುವ ಹೊತ್ತು ಅದು. ಎಳೀಬ್ಯಾಡ ಅಂದೆ ಅಲ್ದಾ, ನೀನ್ ಬೇಕಂತಲೇ ಎಳೂದ್, ನಂಗೆ ಜಡೆ ಬ್ಯಾಡ, ನಂಗೆ ನೀನೂ ಬ್ಯಾಡ. ಬಾಚಣಿಗೆ ನೆಲಕ್ಕೆ ಬೀಳುವ ಶಬ್ದ. ಒಂದು ಪೆಟ್ಟಿನ ಶಬ್ದ. ಸ್ವಲ್ಪ ಹೊತ್ತಿಗೆ ಎರಡು ಜಡೆ ಹಾಕಿಕೊಂಡು ಹೊರಗೆ ಬಂದು, ಕೆಂಪು ಕಣ್ಣಿನಲ್ಲೇ, “ಅಪ್ಪಯ್ಯ, ನಿಮಗೆ ಚಾ ತರ್ಲಾ?” ಎಂದು ಕೇಳುವಳು. ನನಗೆ ಹೊಟ್ಟೆಕಿಚ್ಚಾಯಿತು. ಸ್ವಂತ ಹೆಂಡತಿಯ ಮೇಲೆ, ಮಗಳ ಕೈಯಲ್ಲಿ ಬೈಸಿಕೊಳ್ಳುವ ಭಾಗ್ಯಕ್ಕಾಗಿ.

ನನ್ನ ಹತ್ತಿರವೂ ಒಮ್ಮೆ ಹಠ ಮಾಡಲಿ ಎಂದು ನಾನು ಏನೇನೋ ಮಾಡಿದೆ. ಐಸ್‌ಕ್ರೀಮ್ ಕೊಡಿಸುತ್ತೇನೆ ಎಂದು ಅಂಗಡಿಯವರೆಗೆ ಕರೆದುಕೊಂಡು ಹೋಗಿ, ಇವತ್ತು ಬೇಡ, ಥಂಡಿ ಆಗುತ್ತದೆ, ಎಂದೆ. ಮಗ ಅಲ್ಲೇ ಅಮ್ಮನ ಕಾಲು ಹಿಡಿದು ಬೊಬ್ಬೆ ಹೊಡೆದ. ಮಗಳು, “ಅಡ್ಡಿಲ್ಲೆ ಅಪ್ಪಯ್ಯ” ಎಂದಳು. ಕೊಡಿಸಿದಾಗಲೂ ಅದೇ ಅಡ್ಡಿಲ್ಲೆ, ಕೊಡಿಸದಿದ್ದಾಗಲೂ ಅದೇ ಅಡ್ಡಿಲ್ಲೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಬೆಟ್ಟ ಹತ್ತಿರ ಬಂದು ನಿಂತರೂ ಅವಳು ಅದನ್ನು ದೂರದಿಂದಲೇ ನೋಡುತ್ತಿದ್ದಳು.

ಅವರು ಹೊರಡುವ ದಿನ ಹತ್ತಿರವಾಗುತ್ತಿತ್ತು. ಮಗಳ ಟೀಚರು, ಹೋಗಿ ಬಂದ ಮೇಲೆ ಅಲ್ಲಿ ಕಂಡದ್ದನ್ನು ಕ್ಲಾಸಿಗೆ ಹೇಳಬೇಕು ಎಂದು ಹೇಳಿ ಕಳಿಸಿದ್ದರಂತೆ. ಮಾಲ್‌ಗಳನ್ನು ಹೇಳಿ ಏನು ಪ್ರಯೋಜನ ಎಂದು ನಾನು ಅವರನ್ನು ಅಬುಧಾಬಿಯ ಕಡಲಂಚಿನಲ್ಲಿ ಹಳೆಯ ಕಾಲದ ಹಳ್ಳಿಯನ್ನು ಕಟ್ಟಿಟ್ಟಿರುವ ಜಾಗಕ್ಕೆ ಕರೆದುಕೊಂಡು ಹೋದೆ. ಎಣ್ಣೆ ಸಿಗುವ ಮೊದಲು ಇಲ್ಲಿಯವರು ಹೇಗಿದ್ದರು ಎಂದು ತೋರಿಸಲು ಮಾಡಿದ್ದು. ಒಳಗೆ ಖರ್ಜೂರದ ಗರಿಯ ಮನೆ, ಎತ್ತಿನಿಂದ ನೀರೆತ್ತುವ ಬಾವಿ, ಆಡಿನ ಕೂದಲಿನ ಡೇರೆ, ಮಣ್ಣಿನ ಹೂಜಿ. ಗೋಡೆಯ ಆಚೆ ನೀರು, ನೀರಿನ ಆಚೆ ಸಾಲಾಗಿ ಗಾಜಿನ ಟವರುಗಳು.

ಹೆಂಡತಿ ಗರಿಯ ಗೋಡೆಯನ್ನು ಮುಟ್ಟಿ ನೋಡಿ, “ನಮ್ಮಲ್ಲಿ ತೆಂಗಿನ ಮಡ್ಲ್, ಇಲ್ಲಿ ಖರ್ಜೂರದ್ದ್. ಇದನ್ನ್ ಕಾಂಬುಕೆ ಇಮಾನ ಹತ್ತಿ ಬಂದದ್ದಾ ನಾವ್?” ಎಂದು ನಕ್ಕಳು. ಮಗನಿಗೆ ಒಂಟೆ ಕಂಡದ್ದೇ ಅವನು ಅಮ್ಮನನ್ನು ಆ ಕಡೆ ಎಳೆದುಕೊಂಡು ಹೋದ. ಮಗಳೂ ನಾನೂ ಮರಳಿನ ಮೇಲೆ ಎಳೆದಿಟ್ಟ ಒಂದು ದೋಣಿಯ ಕಡೆ ನಡೆದೆವು. ಅವಳು ನನ್ನಿಂದ ಒಂದು ಹೆಜ್ಜೆ ಹಿಂದೆ, ಮೇಷ್ಟ್ರ ಜೊತೆ ಹೋಗುವ ಹಾಗೆ.

ದೋಣಿಯ ನೆರಳಿನಲ್ಲಿ ಬಿಳಿ ನಿಲುವಂಗಿಯ ಒಬ್ಬ ಅರಬಿ ಮುದುಕರು ಚಾಪೆ ಹಾಕಿ ಕುಳಿತಿದ್ದರು. ಮುತ್ತು ತೆಗೆಯಲು ಕಡಲಿಗೆ ಮುಳುಗುತ್ತಿದ್ದವರ ಸಾಮಾನು ಅವರ ಮುಂದೆ ಹರಡಿತ್ತು. ಇಲ್ಲಿಯ ಹಳಬರು ಬಜಾರಿನಲ್ಲಿ ನಮ್ಮವರಿಂದ ಕಲಿತ ಒಂದು ಹಿಂದಿ ಇದೆ, ಗಂಡಿಗೂ ಹೆಣ್ಣಿಗೂ ಒಂದೇ ಕ್ರಿಯಾಪದ, ಆ ಹಿಂದಿಯಲ್ಲಿ ಅವರು ಹೇಳತೊಡಗಿದರು. ಇದು ಮೂಗಿಗೆ ಹಾಕುವ ಚಿಮಟ. ಇದು ಕಾಲಿಗೆ ಕಟ್ಟಿಕೊಂಡು ಮುಳುಗುವ ಕಲ್ಲು. ಇದು ಚಿಪ್ಪು ತುಂಬುವ ಬುಟ್ಟಿ. ಅವರು ಒಂದು ಮಾತು ಹೇಳುವುದು, ನಾನು ಅದನ್ನು ಮಗಳಿಗೆ ಕನ್ನಡದಲ್ಲಿ ಹೇಳುವುದು. ಅವಳು ಚಿಮಟವನ್ನು ಮೂಗಿಗೆ ಸಿಕ್ಕಿಸಿಕೊಂಡು ನನ್ನತ್ತ ತಿರುಗಿದಳು. ನನಗೆ ಖುಷಿಯಾಯಿತು. ಕೊನೆಗೂ ನಾನು ಅವಳಿಗೆ ಏನೋ ಒಂದು ಉಪಯೋಗಕ್ಕೆ ಬಂದೆ ಅನ್ನಿಸಿತು.

ಮುದುಕರು ತಮ್ಮ ಅಜ್ಜನ ಕತೆಗೆ ಬಂದರು. ಬೇಸಿಗೆ ಬಂದರೆ ಗಂಡಸರೆಲ್ಲ ದೋಣಿ ಹತ್ತಿ ಹೊರಡುತ್ತಿದ್ದರಂತೆ. ನಾಲ್ಕು ತಿಂಗಳು ಕಡಲಿನ ಮೇಲೆಯೇ. ಕಾಗದವಿಲ್ಲ, ಸುದ್ದಿಯಿಲ್ಲ. ಇದ್ದಾರೋ ಸತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ. ಕಾಲ ಮುಗಿಯುತ್ತ ಬಂದಾಗ ಹೆಂಗಸರು ದಡಕ್ಕೆ ಬಂದು ಕಡಲಿಗೇ ಬಯ್ಯುತ್ತಿದ್ದರಂತೆ, ಸಾಕು, ನಮ್ಮವರನ್ನು ಬಿಡು ಎಂದು. ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು. ನಾನೂ ಸಣ್ಣ ದನಿಯಲ್ಲೇ ಮಗಳಿಗೆ ಹೇಳಿದೆ.

ಅವಳು ಮೂಗಿನಿಂದ ಚಿಮಟ ತೆಗೆದಳು.

“ನಾಲ್ಕೇ ತಿಂಗ್ಳಾ?”

ಅದರಲ್ಲಿ ಕುಹಕವಿರಲಿಲ್ಲ. ನಿಜವಾಗಿ ಕೇಳಿದ್ದು. ಇಷ್ಟೊಂದು ದೊಡ್ಡದು ಮಾಡಿ ಹೇಳುತ್ತಿದ್ದಾರಲ್ಲ, ಎಲ್ಲೋ ಲೆಕ್ಕ ತಪ್ಪಿರಬೇಕು ಅನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದಳು.

“ಕ್ಯಾ ಬೋಲಾ ಬಚ್ಚೀ?” ಎಂದು ಮುದುಕರು ನಗುತ್ತ ಕೇಳಿದರು.

ನಾನು ಏನು ಹೇಳಬೇಕಿತ್ತು? ನಿಮ್ಮ ಅಜ್ಜನ ನಾಲ್ಕು ತಿಂಗಳು ಇವಳಿಗೆ ಏನೂ ಅಲ್ಲವಂತೆ ಎಂದೇ? ಹಾಗೆಂದರೆ ಏಕೆ ಎಂದು ಅವರು ಕೇಳುತ್ತಾರೆ. ಆಗ ನಾನು ಯಾರು, ಎಷ್ಟು ವರ್ಷದಿಂದ ಇಲ್ಲಿದ್ದೇನೆ ಎಂದೆಲ್ಲ ಹೇಳಬೇಕಾಗುತ್ತದೆ. ನಾನು ಹಿಂದಿಯಲ್ಲಿ, ಅಯ್ಯೋ, ನಾಲ್ಕು ತಿಂಗಳು ಅಂದರೆ ಎಷ್ಟೊಂದು, ಮಕ್ಕಳು ಹೇಗೆ ಇದ್ದರೋ ಎಂದು ಕೇಳುತ್ತಿದ್ದಾಳೆ, ಎಂದೆ. ಮುದುಕರು ಎದೆಯ ಮೇಲೆ ಕೈಯಿಟ್ಟು ಮಾಶಾ ಅಲ್ಲಾ ಎಂದರು. ಪಕ್ಕದ ತಟ್ಟೆಯಿಂದ ಖರ್ಜೂರ ಆರಿಸಿ ಅವಳತ್ತ ಚಾಚಿದರು.

ಮಗಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿದಳು.

“ತಕೊ ಮಗಾ” ಎಂದೆ.

“ನಂಗೆ ಬ್ಯಾಡ. ನೀನ್ ಅವ್ರಿಗೆ ಸುಳ್ ಹೇಳ್ದೆ.”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ.

“ನಾನ್ ಹಂಗ್ ಹೇಳ್ಲಿಲ್ಲ. ನಾಲ್ಕೇ ತಿಂಗ್ಳಾ ಅಂತ ಕೇಂಡದ್ದ್ ನಾನ್.”

ಅವಳಿಗೆ ಹಿಂದಿ ಬರುತ್ತಿತ್ತು. ಟಿವಿಯ ಕಾರ್ಟೂನು, ಶಾಲೆಯ ಪಾಠ, ಎಲ್ಲಿಂದಲೋ ಕಲಿತಿದ್ದಳು. ಯಾರೂ ನನಗೆ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಇಷ್ಟು ಹೊತ್ತು ಪ್ರತಿಯೊಂದನ್ನೂ ಮುದುಕರಿಂದ ಒಮ್ಮೆ, ನನ್ನಿಂದ ಇನ್ನೊಮ್ಮೆ, ನನ್ನ ಮರ್ಯಾದೆಗೆ ಎಂದು ಎರಡೆರಡು ಸಲ ಕೇಳಿಸಿಕೊಂಡಿದ್ದಳು.

“ಬಾ, ಹೋಪ” ಎಂದು ಕೈ ಹಿಡಿಯಲು ಹೋದೆ. ಅವಳು ಕೊಸರಿಕೊಂಡು ದೋಣಿಗೆ ಬೆನ್ನು ಕೊಟ್ಟು ಮರಳಿನಲ್ಲಿ ಕೂತುಬಿಟ್ಟಳು. ಒಂದು ಚಪ್ಪಲಿ ಕಿತ್ತು ದೂರಕ್ಕೆ ಎಸೆದಳು.

“ನಾ ಬತ್ತಿಲ್ಲೆ. ನೀನೇ ಹೋಗ್. ಹ್ಯಾಂಗಿದ್ರೂ ಹೋಪವ್ನೇ ಅಲ್ದಾ ನೀನ್.”

ಆ ಮಾತು ಚುಚ್ಚಿತು, ಸುಳ್ಳೇಕೆ ಹೇಳಲಿ. ಆದರೆ ಚುಚ್ಚಿದ ಜಾಗದಲ್ಲೇ ಒಂದು ಸಂತೋಷವೂ ಆಯಿತು. ನೀನು ಅಂದಿದ್ದಳು. ಒಂದು ಸಲವಲ್ಲ, ಮೇಲಿಂದ ಮೇಲೆ ಅಂದಿದ್ದಳು. ಫೋಟೋ ತೆಗೆಯುತ್ತಿದ್ದ ಜನ ನಮ್ಮನ್ನೇ ನೋಡುತ್ತಿದ್ದರು. ನೋಡಲಿ, ಇವಳು ನನ್ನ ಮಗಳು, ನನ್ನ ಹತ್ತಿರ ಹಠ ಮಾಡುತ್ತಿದ್ದಾಳೆ. ನಾನು ಪ್ಯಾಂಟಿನ ಗೊಡವೆ ಬಿಟ್ಟು ಅವಳ ಪಕ್ಕದಲ್ಲಿ ಕೂತೆ. ಅವಳು ಮುಷ್ಟಿ ಕಟ್ಟಿ ನನ್ನ ಮೊಣಕಾಲಿಗೆ ಗುದ್ದಿದಳು. ಇನ್ನೊಂದು ಸಲ ಗುದ್ದಿದಳು. ಅವಳ ಮೂಗು ಸುರಿಯುತ್ತಿತ್ತು, ನನ್ನ ಅಂಗಿಯ ತೋಳಿಗೇ ಒರೆಸಿಕೊಂಡಳು. ಮುದುಕರು ಖರ್ಜೂರವನ್ನು ತಟ್ಟೆಗೆ ಹಾಕಿ ಬೇರೆ ಕಡೆ ತಿರುಗಿದರು. ನಾನು ಬಾಯಿ ಬಿಡಲಿಲ್ಲ, ಏನಾದರೂ ಅಂದರೆ ಇದು ನಿಂತುಹೋದೀತು ಎಂದು ಹೆದರಿಕೆ. ಅಲ್ಲಿಂದ ಏಳುವ ಮನಸ್ಸೇ ನನಗಿರಲಿಲ್ಲ.

“ನೀನ್ ಎಂತಕೆ ಬಪ್ಪೂದೇ ಇಲ್ಲ?” ಎಂದು ಅವಳು ಕೇಳುತ್ತಿದ್ದ ಹೊತ್ತಿಗೆ ಹೆಂಡತಿ ಮಗನನ್ನು ಎತ್ತಿಕೊಂಡು ಬಂದಳು.

“ಯಾರ್ ಹತ್ರ ಮಾತಾಡ್ತಿದ್ದೆ ಅಂತ ಗೊತ್ತಿತ್ತಾ ನಿಂಗೆ?” ಎಂದು ಅವಳು ಮಗಳನ್ನು ಗದರಿದಳು. “ಅಪ್ಪಯ್ಯಂಗೆ ನೀನ್ ಅಂಬ್ದಾ? ಎಷ್ಟ್ ಸರ್ತಿ ಹೇಳ್ಕೊಟ್ಟಿದೆ ನಾನ್?”

ಹೇಳಿಕೊಟ್ಟದ್ದು ಯಾರು ಎಂದು ನನಗೆ ಆಗ ಗೊತ್ತಾಯಿತು. ಅಡ್ಡಿಲ್ಲ, ಬಿಡು, ಮಗು ಅಲ್ಲವಾ, ಎಂದೆ.

“ನೀವ್ ಸುಮ್ನಿರಿ. ನಿಮಗೆ ಗೊತ್ತಾತಿಲ್ಲೆ” ಎಂದಳು ಹೆಂಡತಿ. ದನಿ ತಗ್ಗಿಸಿ ಹೇಳಿದಳು, ಮನೆಯಲ್ಲಿ ಇಲ್ಲದ ಮನುಷ್ಯನನ್ನು ಮಕ್ಕಳು ಲೆಕ್ಕಕ್ಕೇ ಇಡುವುದಿಲ್ಲ, ನಮ್ಮ ಓಣಿಯಲ್ಲೇ ನೋಡಿದ್ದೇನೆ, ಗಲ್ಫಿನ ಅಪ್ಪ ಅಂದರೆ ಚಾಕಲೇಟು ತರುವವನು ಅಷ್ಟೇ. ನಮ್ಮ ಮಕ್ಕಳು ಹಾಗಾಗಬಾರದು. ನೀವು ದೂರ ಇದ್ದರೂ ಮನೆಯಲ್ಲಿ ನಿಮ್ಮದೊಂದು ಸ್ಥಾನ ಇರಬೇಕು ಎಂದು ನಾನು ಇಷ್ಟು ವರ್ಷ ಹೆಣಗಿದ್ದು. ಅವಳ ಕಣ್ಣಿನಲ್ಲೂ ನೀರು ಬಂದಿತ್ತು. ನನಗಾಗಿ ಅವಳು ಕಾಪಾಡಿಕೊಂಡು ಬಂದಿದ್ದ ಮರ್ಯಾದೆ ಅದು. ಬೇಡ ಅನ್ನಲು ಬಾಯಿ ಬರಲಿಲ್ಲ.

ಮಗಳು ಅಮ್ಮನ ಮುಖ ನೋಡಿದಳು. ಅಂಗೈಯಿಂದ ಕಣ್ಣು ಒರೆಸಿಕೊಂಡಳು. ತಾನೇ ಹೋಗಿ ಚಪ್ಪಲಿ ಹುಡುಕಿ ತಂದು ಹಾಕಿಕೊಂಡಳು. ಮುದುಕರ ಹತ್ತಿರ ಹೋಗಿ, ಯಾರೂ ಹೇಳದೆಯೇ, ಒಂದು ಖರ್ಜೂರ ತೆಗೆದುಕೊಂಡು ಶುಕ್ರಿಯಾ ಎಂದಳು. ಆಮೇಲೆ ನನ್ನ ಮುಂದೆ ಬಂದು ನಿಂತಳು.

“ತಪ್ಪಾಯ್ತ್ ಅಪ್ಪಯ್ಯ. ನೀವ್ ಏಳಿ, ಹೋಪ.”

ನಾನು ಎದ್ದೆ. ನನ್ನ ಪ್ಯಾಂಟಿಗೆ ಹತ್ತಿದ ಮರಳನ್ನು ಅವಳು ಬಗ್ಗಿ ಕೊಡವಿದಳು. ಹೆಂಡತಿಗೆ ಸಮಾಧಾನವಾದದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ಅವರು ಮೂವರೂ ಬಾಗಿಲ ಕಡೆ ನಡೆದರು. ಸ್ವಲ್ಪ ಮುಂದೆ ಹೋದದ್ದೇ ಮಗಳು ಅಮ್ಮನ ವೇಲು ಹಿಡಿದು ಜಗ್ಗಿ, ನೀನ್ ಎಲ್ಲರ ಎದ್ರಿಗೆ ನಂಗೆ ಬೈದೆ, ನಾ ನಿನ್ನ ಹತ್ರ ಮಾತಾಡೂದಿಲ್ಲ, ಎಂದು ಜಗಳ ಶುರು ಮಾಡಿದಳು. ನಾನು ಅದನ್ನು ಕೇಳಿಸಿಕೊಳ್ಳುತ್ತ ಅವರ ಹಿಂದೆ ನಡೆದೆ.