ಈರಮ್ಮ ಕೊಯ್ದ ಹಾಸು

ಆ ಹಾಸನ್ನು ಕೊಯ್ದದ್ದು ನನ್ನ ಅಜ್ಜಿಯಲ್ಲ. ನಾರಾಯಣಪೇಟೆಯ ನನ್ನ ಬಾಲ್ಯದ ಬಗ್ಗೆ ನಾನು ಬರೆದ ಪುಸ್ತಕವನ್ನು ಓದಿದವರಿಗೆ ಇಷ್ಟು ಹೇಳಿದರೆ ಸಾಕು, ಯಾವ ಪ್ರಸಂಗವೆಂದು ತಿಳಿಯುತ್ತದೆ. ಓದದವರಿಗೆ ಮುಂದೆ ಹೇಳುತ್ತೇನೆ. ನಾನು ಬರೆದದ್ದು ಸುಳ್ಳು — ವಯಸ್ಸಾಗಿ, ಮರೆತು, ಹೇಗೋ ನುಸುಳಿದ ತಪ್ಪು ಎನ್ನೋಣವೆಂದರೆ ಅದೂ ಆಗದು. ತಿಳಿದೂ ತಿಳಿದೂ ಬರೆದೆ. ಹಾಸನ್ನು ಕೊಯ್ದವಳು ನನ್ನ ಗೆಳತಿ ಶರಣಮ್ಮನ ತಾಯಿ, ಈರಮ್ಮ.

ನಮ್ಮದು ನೇಕಾರರ ಓಣಿ. ಹಾಸು ಅಂದರೆ ಸೀರೆಯ ಉದ್ದದ ಎಳೆಗಳು. ನಮ್ಮ ಕಡೆ ಒಂದೇ ಹಾಸಿನಲ್ಲಿ ಎಂಟು ಸೀರೆ ನೇಯುತ್ತಿದ್ದರು. ಬೆಳಕು ಹರಿಯುತ್ತಲೇ ಅದನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತಿಕ್ಕಿ ಒಣಗಿಸುವುದು. ಹಸಿ ಹಾಸು ಬೀದಿಯಲ್ಲಿರುವಷ್ಟು ಹೊತ್ತು ಬೀದಿ ಅದರದ್ದೇ. ಬಂಡಿ ನಿಲ್ಲಬೇಕು, ಮದುವೆಯ ದಿಬ್ಬಣ ನಿಲ್ಲಬೇಕು, ತಹಶೀಲ್ದಾರ ಬಂದರೂ ಸುತ್ತು ಹಾಕಿಕೊಂಡು ಹೋಗಬೇಕು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಅದನ್ನು ಮುರಿದವರನ್ನು ನಾನು ಕಂಡಿರಲಿಲ್ಲ. ನಾವು ಮಕ್ಕಳು ಅದರ ಕೆಳಗೆ ನುಸುಳುವಾಗ ಕೂಡ ಜಡೆ ತಾಗೀತೆಂದು ಜಡೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದೆವು.

ಅಂಥ ಒಂದು ಮುಂಜಾನೆ ಧನ್ವಾಡದ ಕಡೆಯಿಂದ ಎತ್ತಿನ ಬಂಡಿಯೊಂದು ಬಂತು. ಒಳಗೆ ಹೆರಿಗೆ ನೋವಿನ ಹೆಂಗಸು, ಕೂಸು ಅಡ್ಡ ಬಂದಿತ್ತು. ಸರ್ಕಾರಿ ದವಾಖಾನೆಗೆ ಹೋಗಬೇಕಾದರೆ ಬಂಡಿ ನಮ್ಮ ಓಣಿಯನ್ನು ಅಡ್ಡ ದಾಟಬೇಕು. ದಾಟುವ ಜಾಗದಲ್ಲೇ ಈರಮ್ಮನ ಹಾಸು, ಆಗತಾನೇ ಗಂಜಿ ಬಳಿದದ್ದು. ಬಿಚ್ಚಿ ಸುತ್ತೋಣವೆಂದರೆ ಹೊತ್ತು ಹಿಡಿಯುತ್ತದೆ. ಬಂಡಿಯನ್ನು ತಿರುಗಿಸಿ ಊರು ಸುತ್ತಿಸೋಣವೆಂದರೆ ಆ ಹೆಂಗಸಿಗೆ ಅಷ್ಟು ಹೊತ್ತು ಉಳಿದಿರಲಿಲ್ಲ. ಈರಮ್ಮ ಒಳಗೆ ಹೋಗಿ ಕುಡುಗೋಲು ತಂದಳು. ಹಾಸಿನ ನಡುವೆ ಇಟ್ಟು ಎಳೆದಳು. ಎಂಟು ಸೀರೆಯ ಎಳೆ ಮಣ್ಣಿಗೆ ಬಿತ್ತು, ಬಂಡಿ ಅದರ ಮೇಲೆ ದಾಟಿತು. ತಾಯಿ, ಕೂಸು ಇಬ್ಬರೂ ಉಳಿದರು.

ಇದನ್ನು ನಾನು ಕಣ್ಣಾರೆ ಕಂಡವಳಲ್ಲ. ಪುಸ್ತಕದಲ್ಲಿ 'ಅಜ್ಜಿಯ ಸೆರಗು ಹಿಡಿದು ನಿಂತಿದ್ದೆ' ಎಂದು ಬರೆದಿದ್ದೇನೆ — ಅದೂ ಸುಳ್ಳೇ. ಆಗ ನಾನು ರಜೆಗೆಂದು ಗದ್ವಾಲದ ಸೋದರಮಾವನ ಮನೆಯಲ್ಲಿದ್ದೆ, ಕೋಟೆಯ ಗೋಡೆಯ ಮೇಲೆ ಕುಣಿಯುತ್ತಿದ್ದೆ. ಊರಿಗೆ ಬಂದ ದಿನ ಶರಣಮ್ಮ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಎಲ್ಲವನ್ನೂ ಮಾಡಿ ತೋರಿಸಿದಳು: ಅವ್ವ ಹೀಗೆ ನಿಂತಳು, ಹೀಗೆ ಎಳೆದಳು, ಎತ್ತು ಹೀಗೆ ಬೆದರಿತು. ನನ್ನ ಅಜ್ಜಿ ಮಾಡಿದ್ದನ್ನೂ ಮಾಡಿ ತೋರಿಸಿದಳು. ಅಜ್ಜಿ ತನ್ನ ಹೊಸ್ತಿಲಲ್ಲಿ ನಿಂತು ಒದರಿದ್ದಳಂತೆ: "ಹುಚ್ಚಿ! ಎಂಟು ಸೀರಿ ಹಾಳ ಮಾಡಿದೆಲ್ಲ! ಯಾವ ಊರಾಕಿನೋ ಏನೋ, ಅಕಿ ನಿನಗ ಏನಾಗಬೇಕು?"

ಆ ಬಾಯಿಯ ಅಜ್ಜಿಯ ಕೈಗೆ ನಾನು ಪುಸ್ತಕದಲ್ಲಿ ಆ ಕುಡುಗೋಲು ಕೊಟ್ಟೆ.

ಈರಮ್ಮ ಕಡಿದ ಎಳೆಗಳನ್ನೆಲ್ಲ ತಿರುಗಿ ಕೂಡಿಸಿ, ಗಂಟು ಹಾಕಿ, ನೇಯ್ದಳು. ಗಂಟುಗಳ ಸಾಲು ಬಂದ ಸೀರೆಯನ್ನು ಮಾತ್ರ ವ್ಯಾಪಾರಿ ಒಲ್ಲೆನೆಂದ. ಅದನ್ನೇ ಕತ್ತರಿಸಿ ಮಗಳಿಗೆ ಲಂಗ ಹೊಲಿದಳು. ಶರಣಮ್ಮನ ಮೊಣಕಾಲಿನ ಮೇಲೆ ಆ ಸಾಲು ಅಡ್ಡಲಾಗಿ ಹಾಯುತ್ತಿತ್ತು, ಬೆರಳಾಡಿಸಿದರೆ ರಾಗಿ ಕಾಳಿನ ಹಾಗೆ ಸಿಗುತ್ತಿತ್ತು. ನನಗೆ ಹೊಟ್ಟೆಕಿಚ್ಚು. ನನಗೂ ಗಂಟಿನ ಲಂಗ ಬೇಕೆಂದು ಅಜ್ಜಿಯ ಮುಂದೆ ಹಟ ಹಿಡಿದು, ಚೆನ್ನಾಗಿ ಏಟು ತಿಂದೆ. ಆ ಹಟ ನನ್ನನ್ನು ಬಿಟ್ಟಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಮುಂದೆ ಸ್ವಲ್ಪ ದಿನಕ್ಕೇ ಈರಮ್ಮ ಜ್ವರ ಬಂದು ತೀರಿಕೊಂಡಳು. ಶರಣಮ್ಮ ಇನ್ನೂ ಚಿಕ್ಕವಳು. ಫೋಟೋ ತೆಗೆಸುವ ಮನೆತನವಲ್ಲ, ಲಂಗವೂ ಹರಿದು ಚಿಂದಿಯಾಯಿತು. ತಾಯಿಯದೆಂದು ಅವಳ ಬಳಿ ಉಳಿದದ್ದು ಈ ಒಂದು ಪ್ರಸಂಗ. ಮದುವೆಯಾಗಿ ಮಕ್ತಲಕ್ಕೆ ಹೋದಾಗ ಅದನ್ನೇ ಕಟ್ಟಿಕೊಂಡು ಹೋದಳು, ಮಕ್ಕಳಿಗೆ ಹೇಳಿದಳು, ಮೊಮ್ಮಕ್ಕಳಿಗೆ ಹೇಳಿದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ —

ನಾನು ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದ ಮೇಲೆ ಹಳೆಯ ವಿದ್ಯಾರ್ಥಿಗಳು ಬಂದು, "ಟೀಚರ್, ಊರಿನ ಹಳೆ ಕಾಲದ್ದು ಬರೀರಿ, ನಾವು ಅಚ್ಚು ಹಾಕಿಸ್ತೀವಿ" ಅಂದರು. ಬರೆಯಲು ಕೂತರೆ ಬಂಡವಾಳ ಖಾಲಿ. ನಮ್ಮ ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆದಿರಲಿಲ್ಲ. ಅಜ್ಜಿ ಬೈದದ್ದು, ಅಪ್ಪ ಸುಮ್ಮನಿದ್ದದ್ದು, ಮಗ್ಗ ಬಡಿದದ್ದು. ಮೊದಲು 'ನಮ್ಮ ಓಣಿಯ ಹೆಂಗಸೊಬ್ಬಳು' ಎಂದು ಬರೆದೆ. ಓದಿಕೊಂಡೆ, ಸಪ್ಪಗೆ ಕಂಡಿತು. ಹೊಡೆದುಹಾಕಿ 'ನನ್ನ ಅಜ್ಜಿ' ಎಂದು ಬರೆದೆ. ಮಿಕ್ಕದ್ದೆಲ್ಲ ತಾನಾಗಿ ಬಂತು, ಸೆರಗು ಸಮೇತ. ಪಕ್ಕದ ಪುಟದಲ್ಲಿ ಅಜ್ಜಿಯ ಫೋಟೋ ಹಾಕಿಸಿದೆ. ಬಿಡುಗಡೆಯ ದಿನ ಆ ಭಾಗವನ್ನೇ ಓದಿದೆ, ಓದುತ್ತಾ ಅತ್ತೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಕಣ್ಣೀರು ನೆನಪಾದರೆ ಇಂದಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ — ಅದು ನಿಜವಾದ ಕಣ್ಣೀರೇ ಆಗಿತ್ತು.

ಶರಣಮ್ಮನಿಗೆ ಓದು ಬರುವುದಿಲ್ಲ. ನಾನು ನೆಚ್ಚಿಕೊಂಡದ್ದು ಅದನ್ನೇ. ಟೀಚರಾಗಿ ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವಳು, ಗೆಳತಿಗೆ ಅಕ್ಷರ ಬಾರದ್ದನ್ನು ನೆಚ್ಚಿಕೊಂಡೆ.

ಆದರೆ ಅವಳ ಮೊಮ್ಮಗಳಿಗೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ಶರಣಮ್ಮನ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಮಕ್ತಲಕ್ಕೆ ಹೋಗಿದ್ದೆ. ಊಟವಾಗಿ ಹೆಂಗಸರು ಎಲೆಅಡಿಕೆ ಹಾಕುತ್ತಾ ಕೂತಿದ್ದರು. ಹೆರಿಗೆಯ ಮಾತು ಬಂತು, ಶರಣಮ್ಮ ತನ್ನ ತಾಯಿಯ ಮಾತು ತೆಗೆದಳು. ಕತೆಯಲ್ಲಿ ಬಂಡಿ ಇನ್ನೂ ಓಣಿಗೆ ಬಂದಿರಲಿಲ್ಲ, ಮೊಮ್ಮಗಳು ರೇಣುಕಾ ನಕ್ಕುಬಿಟ್ಟಳು.

"ಅಜ್ಜೀ, ಅದು ಟೀಚರಮ್ಮಾರ ಅಜ್ಜಿ ಕತಿ. ಪುಸ್ತಕದಾಗ ಐತಿ, ಅವರ ಅಜ್ಜಿ ಫೋಟೋ ಸೈತ ಐತಿ. ಬೇಕಾದ್ರ ತೋರಸ್ತೀನಿ. ನಿಮ್ಮವ್ವ ಅಂತ ಯಾಕ ಸುಳ್ಳು ಹೇಳ್ತಿ?"

ಹೆಂಗಸರೆಲ್ಲ ನಕ್ಕರು. ಶರಣಮ್ಮ ನಗಲಿಲ್ಲ. ನನ್ನ ಕಡೆ ತಿರುಗಿ, "ಸಾವಿತ್ರಿ, ನೀನ ಹೇಳ ಇಕಿಗೆ" ಅಂದಳು. ಏನೂ ಅನುಮಾನವಿರಲಿಲ್ಲ ಅವಳ ದನಿಯಲ್ಲಿ. ನಾನು ಹೇಳುತ್ತೇನೆ ಎಂದು ನಂಬಿದ್ದಳು.

ಒಂದು ಮಾತು. 'ಹೌದು, ಈರಮ್ಮನೇ' ಎಂದರೆ ಮುಗಿದಿತ್ತು. ನಾನು ಎಲೆಗೆ ಸುಣ್ಣ ಸವರುತ್ತಾ ಹೇಳಿದೆ: "ಎಲ್ಲಾರ ಮನ್ಯಾಗೂ ಇಂಥಾ ಕತಿ ಇರ್ತಾವವ್ವಾ ರೇಣುಕಾ. ನಿಮ್ಮಜ್ಜಿಗಿ ವಯಸ್ಸಾತು, ಅದು ಇದು ಕೂಡಿ ಹೋಗಿರ್ತಾವ."

ಶರಣಮ್ಮ ನನ್ನನ್ನೇ ನೋಡಿದಳು. ಆಮೇಲೆ ಎದ್ದು, "ಚಾ ಇಡ್ತೀನಿ" ಎಂದು ಒಳಗೆ ಹೋದಳು. ಜಗಳವಾಡಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು. ಚಹಾ ತಂದು ಕೊಟ್ಟಳು, ಸಕ್ಕರೆ ಸಾಕೇನೆಂದು ಕೇಳಿದಳು, ಹೋಗುವಾಗ ಕುಂಕುಮ ಹಚ್ಚಿದಳು. ಬಸ್ಸಿನಲ್ಲಿ ನಾರಾಯಣಪೇಟೆಯವರೆಗೂ ನಾನು ಅವಳ ಮೇಲೆಯೇ ಸಿಟ್ಟು ಮಾಡಿಕೊಂಡು ಕೂತಿದ್ದೆ — ಎಲ್ಲರ ಮುಂದೆ ನನ್ನನ್ನು ಕೇಳುವ ಅಗತ್ಯ ಏನಿತ್ತು ಅಂತ. ಇಂಥವಳು ನಾನು.

ಆಮೇಲೆ ಅವಳು ಆ ಪ್ರಸಂಗ ಹೇಳುವುದನ್ನೇ ಬಿಟ್ಟಳೆಂದು ಅವಳ ಮಗಳಿಂದ ತಿಳಿಯಿತು. ತಿಳಿದ ಮೇಲೂ ಸುಮ್ಮನಿದ್ದೆ. ಈ ವರ್ಷ ನಾನೇ ಕಾಯಿಲೆ ಬಿದ್ದು ಎದ್ದ ಮೇಲೆ, ಇದನ್ನು ಹೀಗೇ ಬಿಟ್ಟು ಹೋದರೆ... ಹೋದ ವಾರ ಮಕ್ತಲಕ್ಕೆ ಹೋದೆ. ರೇಣುಕಾಳನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ, ಗದ್ವಾಲದಿಂದ ಹಿಡಿದು ಸುಣ್ಣ ಸವರಿದ ಎಲೆಯವರೆಗೆ.

ರೇಣುಕಾ ಅಂದಳು: "ಹಂಗಾದ್ರ ನನ್ನ ಬಾಯಿಲೆ ನಮ್ಮಜ್ಜಿನ ಸುಳ್ಳಿ ಅನಿಸಿದ್ರಿ ನೀವು." ಹೌದೆಂದೆ. ಅವಳು ಎದ್ದು ಹೋದಳು. ಹೋಗಬೇಕಾದದ್ದೇ.

ಶರಣಮ್ಮ ಮಾತ್ರ ನನ್ನ ಕೈ ಹಿಡಿದುಕೊಂಡಳು. "ಬಿಡು ಸಾವಿತ್ರಿ, ಅಳಬ್ಯಾಡ. ಖರೇ ಹೇಳ್ತೀನಿ, ನನಗ ಈಗ ನೆಪ್ಪ ಇಲ್ಲ. ಈ ಹುಡುಗಿ ನಿನ್ನ ಪುಸ್ತಕದ ಫೋಟೋ ತೋರ್ಸಿ ತೋರ್ಸಿ... ಕಣ್ಣು ಮುಚ್ಚಿದ್ರ ಕುಡಗೋಲು ಹಿಡಕೊಂಡು ನಿಮ್ಮಜ್ಜಿನ ನಿಂತಿರ್ತಾಳ. ನಮ್ಮವ್ವನ ಮಾರಿ ಬರವಲ್ದು." ಆಮೇಲೆ ಸಣ್ಣ ಹುಡುಗಿಯ ಹಾಗೆ ಕೇಳಿದಳು: "ನೀ ಅಕಿನ್ನ ನೋಡಿದ್ದೆಲ್ಲಾ? ಹೆಂಗಿದ್ಲ ನಮ್ಮವ್ವ? ಮೂಗು ಹೆಂಗಿತ್ತ?"

ನಾನು ಕಣ್ಣು ಮುಚ್ಚಿ ಹುಡುಕಿದೆ. ಓಣಿ ಬಂತು, ಹಾಸು ಬಂತು, ಗಂಜಿಯ ವಾಸನೆ ಬಂತು. ಕುಡುಗೋಲು ಹಿಡಿದ ಕೈಯೂ ಬಂತು. ಕೈಯ ಮೇಲಕ್ಕೆ ನೋಡಿದರೆ ನನ್ನ ಅಜ್ಜಿ. ಅಷ್ಟು ಸಲ ಓದಿದ್ದೆ, ಅಷ್ಟು ಜನರ ಮುಂದೆ ಹೇಳಿದ್ದೆ. ಈರಮ್ಮನ ಮುಖ ನನ್ನಲ್ಲೂ ಉಳಿದಿರಲಿಲ್ಲ. ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು — ನೀಳ ಮೂಗು, ದೊಡ್ಡ ಕಣ್ಣು, ನಿನ್ನ ಹಾಗೇ ಇದ್ದಳು ಅಂತ. ನಾಲಿಗೆಯ ತುದಿಗೂ ಬಂತು. ನುಂಗಿಕೊಂಡೆ.

"ನನಗೂ ನೆಪ್ಪಿಲ್ಲ, ಶರಣಿ," ಅಂದೆ.

ಅವಳು ನನ್ನ ಕೈ ಬಿಟ್ಟಳು.

ಹಾಸನ್ನು ಕೊಯ್ದವಳು ಈರಮ್ಮ. ಆ ಪುಸ್ತಕ ಯಾರ ಮನೆಯಲ್ಲಿದೆಯೋ ಅವರು ಅಜ್ಜಿಯ ಫೋಟೋವನ್ನು ಹರಿದುಹಾಕಿ, ಆ ಜಾಗದಲ್ಲಿ ಈರಮ್ಮನ ಹೆಸರು ಬರೆಯಿರಿ. ಹೆಸರಷ್ಟೇ ಉಳಿದಿದೆ.