ಮೂಡಲಕ್ಕೆ ಹೋದ ಟಗರು

ಮೊಮ್ಮಗಳಿಗೆ ಫೆಲೋಶಿಪ್ ಸಿಕ್ಕ ಸುದ್ದಿ ಕೇಳಿ ಕುರಿಗಳ ನಡುವೆ ನಿಂತು ಕುಣಿದವನು ನಾನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಅದರ ಅರ್ಥ ಎಲ್ಲಿ ತಿಳಿಯಬೇಕು? ಅವಳೇ ಬಿಡಿಸಿ ಹೇಳಿದಳು: ಜನ ಎಲ್ಲಿಂದ ಎಲ್ಲಿಗೆ ವಲಸೆ ಹೋಗುತ್ತಾರೆ ಎಂದು ಉಪಗ್ರಹದ ಸಹಾಯದಿಂದ ನಕಾಶೆಯಲ್ಲಿ ಗುರುತಿಸುವ ಸಂಶೋಧನೆ. "ಮೊದಲು ನಮ್ಮನ್ನ ಹಿಡಿತೀನಿ ಅಜ್ಜಾ," ಎಂದಳು.

ಒಂದು ಕೊರಳಪಟ್ಟಿ ತಂದಳು. ಅದರಲ್ಲಿ, ಹಿಂಡು ಎಲ್ಲಿದೆ ಎಂದು ಉಪಗ್ರಹದ ಮೂಲಕ ತಿಳಿಸುವ ಕಡ್ಡಿಪೆಟ್ಟಿಗೆಯಷ್ಟು ಯಂತ್ರ. ಮುಂದೆ ನಡೆಯುವ ಗಂಟೆಯ ಕುರಿಗೆ ಕಟ್ಟಬೇಕೆಂದಳು. ನಾನು ಬಿಡಲಿಲ್ಲ. "ಟಗರಿಗೆ ಕಟ್ಟು. ಅದೂ ಹಿಂಡಿನ ಯಜಮಾನ, ಮಾನ ಇರ್ಲಿ."

ಅವಳ ಅಪ್ಪ ಅಮ್ಮ ಮಿರಜಿನಲ್ಲಿ ಕೆಲಸಕ್ಕಿದ್ದಾರೆ. ಹಿಂಡಿನ ಜೊತೆ ನಡೆಯುವವರು ನಾನು, ನನ್ನ ಹೆಂಡತಿ. ದೀಪಾವಳಿ ಮುಗಿಸಿ, ಪ್ರತಿವರ್ಷದಂತೆ ಪಡುವಲಕ್ಕೆ, ಘಟ್ಟದ ಕಡೆ ಹೊರಟೆವು. ಮೂರನೇ ದಿನ ನನ್ನ ತಂಗಿಯ ಮಗ ಹುಡುಕಿಕೊಂಡು ಬಂದ. ಅವನ ಟಗರಿನ ಕಾಲು ಮುರಿದಿತ್ತು. ನಮ್ಮಲ್ಲಿ ಟಗರು ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಕುರಿಗಳು ಗಬ್ಬವಾದ ಮೇಲೆ ತಂದು ಬಿಡುತ್ತಾರೆ. ಕೊಟ್ಟು ಕಳಿಸಿದೆ. ಪಟ್ಟಿಯ ನೆನಪಾಗುವಷ್ಟರಲ್ಲಿ ಟಗರು ಅವನ ಹಿಂಡಿನ ಜೊತೆ ಮೂಡಲಕ್ಕೆ ಬಹುದೂರ ಹೋಗಿತ್ತು.

ಮೊಮ್ಮಗಳು ಕಾಲೇಜಿನ ಹತ್ತಿರ, ವಿಶ್ರಾಮಬಾಗದ ತನ್ನ ರೂಮಿನಿಂದ ಫೋನ್ ಮಾಡಿದಳು. "ಅಜ್ಜಾ, ಈ ವರ್ಷ ಮೂಡಲಕ್ಕ ಹೊಂಟೀರೇನ್ರಿ? ಎಲ್ಲಿದ್ದೀರಿ?"

ಯಂತ್ರವನ್ನು ಟಗರಿನ ಜೊತೆ ಊರ ಮೇಲೆ ಕಳಿಸಿದ್ದೇನೆ ಎನ್ನಲು ಬಾಯಿ ಬರಲಿಲ್ಲ. ಎಂಟು ದಿನದಲ್ಲಿ ಟಗರು ಬಂದೀತು ಎಂದುಕೊಂಡು, "ನಿನ್ನ ಯಂತ್ರ ಎಲ್ಲಿ ಅಂತದೋ ಅಲ್ಲೇ ಅದೀವಿ ನನ್ನವ್ವಾ," ಎಂದುಬಿಟ್ಟೆ.

ಎಂಟು ದಿನ ಎರಡು ತಿಂಗಳಾಯಿತು, ಟಗರು ಬರಲಿಲ್ಲ.

ನಾವು ಊರಿಗೆ ತಿರುಗಿ ಬಂದ ವಾರವೇ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ನಕಾಶೆಯ ಮೇಲೆ ಒಂದು ಕೆಂಪು ಗೆರೆ, ಮೂಡಲಕ್ಕೆ. "ನೋಡ್ರಿ, ಮ್ಹೈಸಾಳದಾಗ ಎತ್ತಿದ ಹೊಳಿ ನೀರು ಹೋದ ದಿಕ್ಕಿಗೇ ಕುರಿ ಹೋಗ್ಯಾವ! ಕಾಲುವಿ ಬಂದು ನಮ್ಮವರ ದಾರಿನ ಬದಲಾಗೇದ. ನಮ್ಮ ಗೈಡ್ ಸರ್‌ಗೂ ಭಾಳ ಖುಷಿ ಆತು." ಶುಕ್ರವಾರ ಸಮಿತಿಯ ಮುಂದೆ ಇದನ್ನೇ ಹೇಳಬೇಕಂತೆ. ಅವರು ಒಪ್ಪಿದರೆ ಫೆಲೋಶಿಪ್ ಇನ್ನೊಂದು ವರ್ಷ, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

ಒಲೆಯ ಮುಂದಿನಿಂದ ಹೆಂಡತಿ ನನ್ನನ್ನೇ ನೋಡಿದಳು. ಹಿತ್ತಲಿಗೆ ಕರೆದು ಹಲ್ಲು ಕಚ್ಚಿ ಕೇಳಿದಳು, "ನೀವ ಹೇಳ್ತೀರೋ, ನಾ ಹೇಳ್ಲೋ? ಟಗರಿಗೆ ಮಾನ ಅಂತ, ಮಾನ!"

ಹೇಳಿದರೆ ಕೂಸಿನ ಓದು ನನ್ನ ಕೈಯಿಂದಲೇ ಮುರಿಯುತ್ತದೆ. ಹೇಳದಿದ್ದರೆ ನನ್ನ ಸುಳ್ಳನ್ನು ಅವಳು ದೊಡ್ಡವರ ಮುಂದೆ ತನ್ನ ಬಾಯಿಂದ ಹೇಳುತ್ತಾಳೆ. ಎತ್ತ ಹೋದರೂ ದಾರಿ ಇರಲಿಲ್ಲ. ಗುರುವಾರ ಅವಳು ಚೀಲಕ್ಕೆ ಕಾಗದ ತುಂಬುತ್ತಿದ್ದಾಗ ನೆಲ ನೋಡುತ್ತ ಹೇಳಿದೆ: "ಮೂಡಲಕ್ಕ ಹೋಗಿದ್ದು ಟಗರೊಂದ. ನಾವಲ್ಲ."

"ಅಂದ್ರ?"

ಎಲ್ಲ ಹೇಳಿದೆ. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂದ್ ಟಗರಿನ ಬೆನ್ನು ಹತ್ತಿ ಎಲ್ಲಾರ ದಾರಿ ತಿರುಗಿಸಿದ್ನಲ್ಲ ನಾ," ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಹೊರಗೆ ಹೋಗಿ ಫೋನಿನಲ್ಲಿ ಸರ್ ಜೊತೆ ಮರಾಠಿಯಲ್ಲಿ ಮಾತಾಡಿದಳು. ಬಂದು, "ಇದ್ದದ್ದ ಇದ್ದಂಗ ಹೇಳು ಅಂದ್ರು," ಎಂದಷ್ಟೇ ಹೇಳಿದಳು.

ಮರುದಿನ ನಾನೂ ಹೋದೆ. ಅವಳು ಬೇಡ ಎನ್ನಲಿಲ್ಲ. ಕಾಲೇಜಿನಲ್ಲಿ ಸಮಿತಿ ಕೂತ ಕೋಣೆಯ ಹೊರಗೆ, ಬೆಂಚಿನ ಮೇಲೆ ತಲೆಯ ಪಟಗ ಬಿಚ್ಚಿ ತೊಡೆಯ ಮೇಲಿಟ್ಟು ಕೂತೆ. ಒಳಗಿನಿಂದ ಯಾರದೋ ಏರಿದ ದನಿ. ಎದ್ದು ಹೋಗಿ 'ತಪ್ಪು ನನ್ನದು' ಎನ್ನಬೇಕು ಅನಿಸುತ್ತಿತ್ತು. ಪಟಗದ ಮಡಿಕೆ ಬಿಚ್ಚಿ ಮತ್ತೆ ಮಡಚಿದೆ.

ಬಾಗಿಲು ತೆರೆದು ಹೊರಬಂದು ಪಕ್ಕದಲ್ಲಿ ಕೂತಳು. "ಅರ್ಧ ವರದಿ ಹೋತು. ಒಬ್ಬ ಸರ್ ಬೈದ್ರು, ಒಂದ್ ಸಲ ಹಿಂಡಿಗೆ ಹೋಗಿ ನೋಡಬಾರದಿತ್ತೇನು ಅಂತ."

"ಮತ್ತ?"

"ಮತ್ತೇನ್ರಿ, ಇನ್ನೊಂದ್ ವರ್ಷ ಕೊಟ್ಟಾರ. ಈ ಸಲ ನಾನೂ ನಿಮ್ಮ ಸಂಗಾಟ ನಡೀಬೇಕಂತ."

ನಾನು ಎಂಥ ಕೂಗು ಹಾಕಿದೆನೋ, ಒಳಗಿದ್ದವರೆಲ್ಲ ಬಾಗಿಲಿಗೆ ಬಂದರು. ಅವಳು ನನ್ನ ಪಟಗದಲ್ಲೇ ಮುಖ ಮುಚ್ಚಿಕೊಂಡು ನಕ್ಕಳು, ಆಮೇಲೆ ಅತ್ತಳು.

ಈ ವರ್ಷ ಪಟ್ಟಿ ಗಂಟೆಯ ಕುರಿಗಿದೆ. ಅದರ ಪಕ್ಕದಲ್ಲೇ ಕೋಲು ಹಿಡಿದು ನಡೆಯುವ ಮೊಮ್ಮಗಳನ್ನು ನೋಡಿ ನೋಡಿ ನನಗೆ ಸಾಕಾಗಿಲ್ಲ. ಮೊನ್ನೆ ತಂಗಿಯ ಮಗ ಮತ್ತೆ ಟಗರು ಕೇಳಲು ಬಂದ. ಕೊಡುವ ಮೊದಲು ಅದರ ಕೊರಳನ್ನು ಎರಡೆರಡು ಸಲ ತಡವಿ ನೋಡಿದೆ.